ಖೋನ್ ಕೇನ್‌ನಲ್ಲಿ ಊಟಕ್ಕೆ ನೈಟ್ ಮಾರ್ಕೆಟ್ ಒಂದೇ ಅಲ್ಲ

ಖೋನ್ ಕೇನ್‌ಗೆ ಹೋದವರು ಇಸಾನ್ (ಖೋನ್ ಕೇನ್ ಇರುವ, ಥಾಯ್ಲೆಂಡಿನ ಈಶಾನ್ಯ ಭಾಗ) ಊಟಕ್ಕೆ ಸಂಜೆ ನೈಟ್ ಮಾರ್ಕೆಟ್‌ಗೆ ಹೋದರೆ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಸುತ್ತಾಡೋಕೆ ಅದು ಚೆನ್ನಾಗಿದೆ, ಆದರೆ ಹೊರಗಿನವರು ಜಾಸ್ತಿ ಬರುವ ಕಡೆ ಸೋಮ್ ತಮ್ (ಪರಂಗಿಕಾಯಿ ಕುಟ್ಟಿ ಮಾಡುವ ಸಲಾಡ್) ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಕಡಲೆಬೀಜ, ಒಣ ಸೀಗಡಿ ಹಾಕಿದ ಸಿಹಿ ಸಿಹಿ ಸೋಮ್ ತಮ್ ಥಾಯ್. ಇಸಾನ್ ಜನ ಮನೆಯಲ್ಲಿ ತಿನ್ನುವುದು ಪ್ಲಾ ರಾ ಹಾಕಿದ್ದು, ಅಂದರೆ ಉಪ್ಪು, ಅಕ್ಕಿ ತೌಡು ಬೆರೆಸಿ ತಿಂಗಳುಗಟ್ಟಲೆ ಹುಳಿ ಬರಿಸಿದ ಸಿಹಿನೀರಿನ ಮೀನು. ವಾಸನೆ ಜೋರು, ನಿಜ. ಆದರೆ ಆ ರುಚಿ ಬಿಟ್ಟು ಇಸಾನ್ ಊಟ ಮಾಡಿದೆ ಅಂದರೆ ಹೇಗೆ?

ಮಧ್ಯಾಹ್ನ ಹೋಗಿ. ಇದ್ದಿಲ ಮೇಲೆ ಸೀಳಿದ ಬಿದಿರು ಕಡ್ಡಿಗೆ ಸಿಕ್ಕಿಸಿದ ಕೋಳಿ ಸುಡುತ್ತಾ, ಪಕ್ಕದಲ್ಲೇ ಮಣ್ಣಿನ ಒರಳಲ್ಲಿ ಪರಂಗಿಕಾಯಿ ಕುಟ್ಟುತ್ತಿರುವ, ಊರಿನವರೇ ತುಂಬಿಕೊಂಡಿರುವ ಅಂಗಡಿ ಕಂಡರೆ ಸುಮ್ನೆ ಹೋಗಿ ಕೂತುಬಿಡಿ.

ಗೈ ಯಾಂಗ್ ಅಂದರೆ ಸುಟ್ಟ ಕೋಳಿ ಬಗ್ಗೆ ಇಷ್ಟು ಬರೆದು ಖಾವೊ ಸುವಾನ್ ಕ್ವಾಂಗ್ ಹೆಸರೇ ಎತ್ತಿಲ್ಲವಲ್ಲ! ಖೋನ್ ಕೇನ್ ಊರಿಂದ ಉಡೋನ್ ಥಾನಿ ಕಡೆಗೆ ಮಿತ್ರಫಾಪ್ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರ, ಅದೇ ಜಿಲ್ಲೆಯ ಊರು, ಸುಟ್ಟ ಕೋಳಿಗೇ ಹೆಸರಾದದ್ದು. ಬಿದಿರು ಬುಟ್ಟಿಯಿಂದ ಬಿಸಿ ಅಂಟಕ್ಕಿ ಅನ್ನ ಚಿಟಿಕೆಯಷ್ಟು ತೆಗೆದು, ಕೈಯಲ್ಲೇ ಉಂಡೆ ಮಾಡಿ, ಹುರಿದ ಅಕ್ಕಿಪುಡಿ ಉದುರಿಸಿದ ಖಾರದ ಜೆಯೊ ಅನ್ನುವ ಚಟ್ನಿಯಲ್ಲಿ ಅದ್ದಿ ಕೋಳಿ ಜೊತೆ ತಿನ್ನಬೇಕು. ಚಮಚ ಬೇಡವೇ ಬೇಡ.

ಇನ್ನೊಂದು ಮಾತು, ಗೋಮಾಂಸದ ಲಾಬ್ (ಕೊಚ್ಚಿದ ಮಾಂಸದ ಸಲಾಡ್) ಕೆಲವು ಕಡೆ ಹಸಿಯಾಗೇ ಕೊಡುತ್ತಾರೆ, ಬೇಯಿಸಿದ್ದು ಬೇಕಿದ್ದರೆ ‘ಸುಕ್’ ಅಂತ ಮೊದಲೇ ಹೇಳಿ.