ಒಂದು ಚೀಲ ಕೆಂಪು ಮಣ್ಣು

ಹೋದ ಭಾನುವಾರ ಬಾಲ್ಕನಿ ಕುಂಡಗಳಿಗೆ ಅಂತ ನರ್ಸರಿಯಿಂದ ಒಂದು ಚೀಲ ಕೆಂಪು ಮಣ್ಣು ತಂದೆ. 120 ರೂಪಾಯಿ. ಅಮ್ಮ ಚೀಲ ಬಿಚ್ಚಿ ಒಂದು ಹಿಡಿ ತೆಗೆದು, ಬೆರಳಲ್ಲಿ ಪುಡಿ ಮಾಡಿ ನೋಡಿದಳು. "ಯಾರದೋ ಹೊಲದ ಮೇಲ್ಮಣ್ಣು ಕಣೋ ಇದು" ಅಂದಳು. ನಾನು ಸುಮ್ಮನಾದೆ. ನಮ್ಮದೂ ಹೀಗೇ ಹೋಗಿತ್ತು.

ದೊಡ್ಡಬಳ್ಳಾಪುರದ ಕಡೆ ನಮ್ಮದು ಎರಡು ಎಕರೆ ಇತ್ತು. ತಾತ ಬೇಸಿಗೆ ಬಂತೆಂದರೆ ಕೆರೆಯಿಂದ ಗೋಡು, ಅಂದರೆ ಹೂಳು ಮಣ್ಣು, ಹೊಡೆಸುತ್ತಿದ್ದರು. ಗಾಡಿಗಟ್ಟಲೆ. ಅದರ ಮೇಲೆ ಕೊಟ್ಟಿಗೆ ಗೊಬ್ಬರ. ರಾಗಿ ಬಿತ್ತುವಾಗ ನಡುನಡುವೆ ಬಿಡುವ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಒಂದೇ ಹೊಲದಲ್ಲಿ ಮುದ್ದೆಗೆ ರಾಗಿ, ಸಾರಿಗೆ ಕಾಳು, ಚಟ್ನಿಗೆ ಹುಚ್ಚೆಳ್ಳು, ದನಕ್ಕೆ ಹುಲ್ಲು. ಆ ಮಣ್ಣು ತಾನಾಗೇ ಹಾಗಿರಲಿಲ್ಲ. ಅದನ್ನು ಮಾಡಿದ್ದು ತಾತ ಮತ್ತು ಅವರಪ್ಪ.

2011ರಲ್ಲಿ ಮಾರಿದೆವು. ಯಾರೂ ಬಲವಂತ ಮಾಡಲಿಲ್ಲ. ತಂಗಿ ಮದುವೆ ಸಾಲ ಇತ್ತು, ಬ್ರೋಕರ್ ಒಳ್ಳೆ ರೇಟು ತಂದಿದ್ದ. ಲೇಔಟ್‌ನವರು ಬಂದ ಮೊದಲ ವಾರವೇ ಜೆಸಿಬಿ ಹೊಲದ ಮೇಲಿನ ಒಂದಡಿ ಮಣ್ಣನ್ನು ಕೆರೆದು ಟಿಪ್ಪರ್‌ಗೆ ತುಂಬಿತು. ಅದು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಯಾರ ಬಾಲ್ಕನಿಗೋ.

ಇದನ್ನು ಮೊದಲೇ ಹೇಳಿಕೊಂಡೆ. ಇಲ್ಲದಿದ್ದರೆ "ನೀನು ಮಾರಿ ತಿಂದು, ಈಗ ಬೇರೆಯವರಿಗೆ ಬುದ್ಧಿ ಹೇಳ್ತೀಯಾ" ಅಂತ ಕಾಮೆಂಟ್ ಬರುತ್ತೆ ಅಲ್ವಾ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೋರಾಟ ನೆನಪಿರಬೇಕು. 13 ಹಳ್ಳಿ, 1,777 ಎಕರೆ, ಏರೋಸ್ಪೇಸ್ ಪಾರ್ಕ್‌ಗೆ ಅಂತ ಭೂಸ್ವಾಧೀನಕ್ಕೆ ಕೆಐಎಡಿಬಿ (ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನೋಟಿಫಿಕೇಶನ್. 2022ರಿಂದ ಮೂರು ವರ್ಷಕ್ಕೂ ಜಾಸ್ತಿ ಕಾಲ ರೈತರು ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಘೋಷಿಸಿದರು. ಅವತ್ತು ನಾನೂ ಕುಣಿದಾಡಿದವನೇ. ದ್ರಾಕ್ಷಿ, ರಾಗಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ನೆಲ ಅದು. ಬೆಂಗಳೂರಿನ ಮಾರ್ಕೆಟ್ಟಿಗೆ ಹತ್ತಿರ ಬೇರೆ.

ಆದರೆ ಅವತ್ತಿನ ಮಾತಲ್ಲೇ ಇನ್ನೊಂದೂ ಇತ್ತು. ಇಷ್ಟಪಟ್ಟು ಕೊಡುವವರು ಕೊಡಬಹುದು, ಅವರಿಗೆ ಹೆಚ್ಚು ಪರಿಹಾರ. ಬೇಡ ಎನ್ನುವುದು ಹೇಗೆ? ಅವರ ಜಮೀನು, ಅವರ ಇಷ್ಟ. ನನ್ನ ತಲೆ ಕೆಡಿಸುವುದು ಇದೇ. ಸರ್ಕಾರ ಕಿತ್ತುಕೊಳ್ಳಲು ಬಂದರೆ ಎದುರು ನಿಲ್ಲಬಹುದು, ಧರಣಿ ಕೂರಬಹುದು. ಪಕ್ಕದ ಹೊಲದವನು ಟೋಕನ್ ಅಡ್ವಾನ್ಸ್ ತಗೊಂಡರೆ ಯಾರ ವಿರುದ್ಧ ಧಿಕ್ಕಾರ ಕೂಗುವುದು? ಭೂಸುಧಾರಣೆ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲಂತೂ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅಡ್ಡ ಇದ್ದ 79ಎ, 79ಬಿ ಕಲಂಗಳೇ ಹೋದವು.

ಲೆಕ್ಕ ನೋಡಿ. ಮಳೆಯಾಶ್ರಯದಲ್ಲಿ ಎಕರೆಗೆ ಎಂಟು-ಹತ್ತು ಕ್ವಿಂಟಲ್ ರಾಗಿ ಬಂದರೆ ಪುಣ್ಯ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಲ್ಲಿಗೆ ನಲವತ್ತು-ಐವತ್ತು ಸಾವಿರ. ಉಳುಮೆ, ಗೊಬ್ಬರ, ಕೂಲಿ ಕಳೆಯಿರಿ. ಅದೇ ಎಕರೆಯಲ್ಲಿ ರಸ್ತೆ, ಪಾರ್ಕ್ ಬಿಟ್ಟರೂ 30-40ರ ಇಪ್ಪತ್ತು ಸೈಟ್ ಬರುತ್ತವೆ. ಈ ಲೆಕ್ಕದ ಮುಂದೆ "ರೈತ ದೇಶದ ಬೆನ್ನೆಲುಬು" ಅಂತ ಭಾಷಣ ಮಾಡಿದರೆ ರೈತನೇ ನಗುತ್ತಾನೆ.

ಹಾಗಾಗಿ ಮಾರಬೇಡಿ ಅಂತ ಯಾರಿಗೂ ಹೇಳುವುದಿಲ್ಲ. ನನ್ನ ತಕರಾರು ಕನ್ವರ್ಷನ್ ಬಗ್ಗೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಲು ಕೊಡುವ ಅನುಮತಿ ಬಗ್ಗೆ. ನಮ್ಮ ಜಮೀನಿನ ಫೈಲಿನಲ್ಲಿ ಪಹಣಿ ಇತ್ತು, ಮ್ಯುಟೇಶನ್ ಇತ್ತು, ಸರ್ವೆ ನಕ್ಷೆ ಇತ್ತು, ಎಲ್ಲದಕ್ಕೂ ಸೀಲು ಇತ್ತು. ಮಣ್ಣು ಹೇಗಿದೆ ಅಂತ ಕೇಳುವ ಒಂದು ಸಾಲೂ ಇರಲಿಲ್ಲ. ಕಲ್ಲುಬಂಡೆಯ ಬೀಳೂ ಒಂದೇ, ತಾತ ಗೋಡು ಹೊಡೆಸಿದ ಹೊಲವೂ ಒಂದೇ. ಹಳ್ಳಿಗಳಿಗೆ ಮಣ್ಣು ಪರೀಕ್ಷೆ ಮಾಡಿ ಸಾಯಿಲ್ ಹೆಲ್ತ್ ಕಾರ್ಡ್ ಹಂಚಿದ್ದಾರಲ್ಲ, ಆ ಕಾರ್ಡನ್ನು ಫೈಲಿಗೆ ಸೇರಿಸಿ ಎಂದರೆ ಏನು ಕಷ್ಟ? ಒಳ್ಳೆ ಮಣ್ಣು, ಕೆರೆ ಅಚ್ಚುಕಟ್ಟು ಇದ್ದರೆ ಕನ್ವರ್ಷನ್ ಇಲ್ಲ ಅನ್ನಲಿ. ಅಂಥ ನೆಲ ಉಳಿಸಿಕೊಂಡವನಿಗೆ ಎಕರೆಗೆ ಇಷ್ಟು ಅಂತ ಪ್ರತಿ ವರ್ಷ ದುಡ್ಡು ಕೊಡಲಿ. ಅದರ ತರಕಾರಿ ತಿನ್ನುವ ನಾವು, ನಗರದವರು, ಒಂದು ಸೆಸ್ ಕಟ್ಟೋಣ. ಕಟ್ಟುವ ಮನಸ್ಸಿಲ್ಲದಿದ್ದರೆ ರೈತನಿಗೆ ತ್ಯಾಗದ ಪಾಠ ಹೇಳುವುದನ್ನಾದರೂ ಬಿಡೋಣ.

ಬೆಂಗಳೂರು ಬೆಳೆಯುವುದು ಬೇಡವಾ ಅಂತ ಕೇಳುವವರು ಒಮ್ಮೆ ನಮ್ಮ ಹಳೇ ಹೊಲ ನೋಡಿ ಬನ್ನಿ. ಇಷ್ಟು ವರ್ಷದಲ್ಲಿ ಎದ್ದಿರುವುದು ಆರು ಮನೆ. ಉಳಿದ ಸೈಟ್‌ಗಳಲ್ಲಿ ಪಾರ್ಥೇನಿಯಂ. ರೇಟು ಮಾತ್ರ ಕೈಯಿಂದ ಕೈಗೆ ಏರುತ್ತಲೇ ಇದೆ.

ಎರಡು ವರ್ಷದ ಹಿಂದೆ ಊರಿನ ಅಜ್ಜ ಒಬ್ಬರು ಖಾಲಿ ಬಿದ್ದ ನಾಲ್ಕು ಸೈಟ್ ಹಸನು ಮಾಡಿ ಹುರುಳಿ ಚೆಲ್ಲಿದ್ದರು. ಹುರುಳಿ ಎಂಥ ಬರಡು ನೆಲದಲ್ಲೂ ಬರುತ್ತೆ ಅಂತಾರೆ. ಮಳೆಯೂ ಚೆನ್ನಾಗೇ ಆಗಿತ್ತು. ಆದರೂ ಗಿಡ ಗೇಣುದ್ದ ಬಂದು ಹಳದಿಯಾಗಿ ನಿಂತಿತು. ಅಜ್ಜ ಒಂದು ಗಿಡ ಕಿತ್ತು ನನಗೆ ಬೇರು ತೋರಿಸಿದರು. ಬೇರಿನ ತುಂಬ ಜಲ್ಲಿಪುಡಿ.