ಆರ್ ಮತ್ತು ಆರಿದ ಕಾಫಿ

ಭಾನುವಾರ ಬೆಳಗ್ಗೆ ಅಕ್ಕನ ಫೋನು. "ನೀನು ಸಾಫ್ಟ್‌ವೇರಲ್ಲಿ ಇದ್ದೀಯಲ್ಲ, ಬಂದು ಇವಳ ಲ್ಯಾಪ್‌ಟಾಪ್ ನೋಡೋ." ಆಫೀಸಿನಲ್ಲಿ ನನ್ನ ಕೆಲಸ ಸಂಬಳದ ಚೀಟಿ ಸರಿಯಾಗಿ ಪ್ರಿಂಟ್ ಆಗುತ್ತಾ ಅಂತ ನೋಡೋದು. ಆದರೂ ಮೆಟ್ರೋ ಹತ್ತಿ ಬನಶಂಕರಿಗೆ ಹೋದೆ. ಅಕ್ಕನ ಕಾಫಿ ಹಾಗಿರುತ್ತೆ.

ಅವಳ ಮಗಳಿಗೆ ಎಂಎಸ್ಸಿ ಪ್ರಾಜೆಕ್ಟಿಗೆ ಒಂದು ಗ್ರಾಫ್ ಬೇಕಿತ್ತು. ಅಂಕಿಅಂಶ ಲೆಕ್ಕ ಹಾಕಿ ಗ್ರಾಫ್ ಬಿಡಿಸೋ ಆ ಸಾಫ್ಟ್‌ವೇರ್ ಹೆಸರು ಆರ್. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಸೇರಿ ಶುರು ಮಾಡಿದ್ದು. ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಬಂದರೆ ಯಾರಿಗಾದರೂ ಸಿಡುಕು ಇರುತ್ತೆ, ಅಲ್ವಾ?

"ಮಾವ, ಗ್ರಾಫಿಗೆ ಆರ್ ಜೊತೆ ಸೇರಿಸ್ಕೋಬೇಕಾದ ಜಿಜಿಪ್ಲಾಟ್2 ಅನ್ನೋ ಪ್ಯಾಕೇಜೇ ಇಲ್ಲ ಅಂತಿದೆ."

"ಇನ್‌ಸ್ಟಾಲ್ ಮಾಡು."

ಹೆಸರಿಗೆ ಕೋಟ್ (ಉದ್ಧರಣ ಚಿಹ್ನೆ) ಹಾಕದೆ ಕೊಟ್ಟಳು, ಬೈಸಿಕೊಂಡಳು. ಕೋಟ್ ಹಾಕಿದಳು. ಕರೆದದ್ದು ಒಂದೇ ಪ್ಯಾಕೇಜ್. ಹಿಂದೆಯೇ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಸ್ಕೇಲ್ಸ್, ಆರ್‌ಲ್ಯಾಂಗ್, ಜಿಟೇಬಲ್ ಅಂತ ಟೆಂಪೋ ತುಂಬಾ ನೆಂಟರು. ಅವರು ಇಳಿಯುತ್ತಿರುವಾಗಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ.

ಕರೆಂಟ್ ಬಂದ ಮೇಲೆ ಹೊಸ ರಾಗ: ಫೋಲ್ಡರನ್ನು ಲಾಕ್ ಮಾಡಲು ಆಗುತ್ತಿಲ್ಲವಂತೆ. ಇನ್‌ಸ್ಟಾಲ್ ಮಾಡುವಾಗ ಆರ್ '00ಲಾಕ್' ಅಂತ ಒಂದು ಫೋಲ್ಡರ್ ಇಟ್ಟುಕೊಂಡು, ಮುಗಿದ ಮೇಲೆ ತಾನೇ ತೆಗೆಯುತ್ತದೆ. ಮಧ್ಯದಲ್ಲೇ ಜೀವ ಹೋದರೆ ಅದು ಅಲ್ಲೇ ಉಳಿಯುತ್ತದೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಆಸಾಮಿ ನಾಪತ್ತೆಯಾದ ಹಾಗೆ. ಇದು ಈಗ ಗೊತ್ತು. ಆಗ ನಾನು ಗಂಭೀರವಾಗಿ ಆರ್ ಅನ್ನೇ ಕಿತ್ತು ಮತ್ತೆ ಹಾಕಿದೆ. ಪ್ಯಾಕೇಜುಗಳು ಇರುವುದು ಬೇರೆ ಕಡೆ, ಹಾಗಾಗಿ ಟವೆಲ್ ಅಲ್ಲಾಡಲಿಲ್ಲ. ಎರಡನೇ ಸಲವೂ ಕಿತ್ತೆ. ಆಗ ಅವಳು ಮೆಲ್ಲಗೆ, "ಮಾವ, ಯಾವ ಫೋಲ್ಡರ್ ತೆಗೀಬೇಕು ಅಂತ ಎರರ್‌ನಲ್ಲೇ ಬರೆದಿದೆಯಲ್ಲ" ಅಂದಳು.

ತೆಗೆದೆವು. ಇನ್‌ಸ್ಟಾಲ್ ಆಯಿತು, ಪ್ಯಾಕೇಜನ್ನು ಬಳಕೆಗೆ ಎಳೆದುಕೊಳ್ಳೋ ಲೈಬ್ರರಿ ಅನ್ನೋ ಆಜ್ಞೆ ಕೊಟ್ಟು ಕರೆದರೆ ತುಟಿಪಿಟಿಕ್ ಅನ್ನಲಿಲ್ಲ. ಸುಮ್ನಿದ್ದರೆ ಒಪ್ಪಿದೆ ಅಂತ ಅರ್ಥ. ಗ್ರಾಫೂ ಬಂತು. ಆರ್ ಮುಚ್ಚಿ, ಅಕ್ಕನಿಗೆ ತೋರಿಸಲು ಮತ್ತೆ ತೆರೆದರೆ, ಜಿಜಿಪ್ಲಾಟ್ ಅನ್ನೋ ಫಂಕ್ಷನ್ನೇ ಗೊತ್ತಿಲ್ಲ ಅಂದಿತು! ಇನ್‌ಸ್ಟಾಲ್ ಒಂದೇ ಸಲ, ಆದರೆ ಆರ್ ತೆರೆದ ಪ್ರತಿ ಸಲವೂ ಲೈಬ್ರರಿ ಅಂತ ಕರೆಯಲೇಬೇಕು ಅಂತ ವಿವರಿಸಲು ತಡವರಿಸಿದೆ.

"ಈಳಿಗೆಮಣೆ ಕೊಂಡಿದ್ದು ನನ್ನ ಮದುವೆ ವರ್ಷ" ಅಂದಳು ಅಕ್ಕ. "ಹಾಗಂತ ಕಾಯಿ ತುರಿಯುವಾಗೆಲ್ಲ ಮೂಲೆಯಿಂದ ಎಳ್ಕೋಬೇಡವೇನೋ? ಅಂತೂ ಆರ್ ಆಯ್ತಾ?"

ಲೋಟ ಮುಟ್ಟಿ ನೋಡಿದೆ. ಮೇಲೆ ಕೆನೆ ಕಟ್ಟಿತ್ತು.

"ಆರಿ ಆಗಲೇ ಒಂದು ಗಂಟೆ ಆಯ್ತಕ್ಕ."