ಸ್ಪಷ್ಟನೆ: ಪ್ಯಾನೆಲ್ ಕಾದಷ್ಟೂ ಕರೆಂಟ್ ಹೆಚ್ಚುವುದಿಲ್ಲ

"ಚಿತ್ರದುರ್ಗದ ಬಿಸಿಲಿಗೆ ಸೋಲಾರ್ ಪ್ಯಾನೆಲ್ ಕಾದಷ್ಟೂ ಕರೆಂಟ್ ಜಾಸ್ತಿ, ಕ್ಯಾಂಪರ್ ವ್ಯಾನಿನ (ಒಳಗೇ ಉಳಿದು ಮಲಗುವಂತೆ ಸಜ್ಜುಗೊಳಿಸಿದ ವ್ಯಾನ್) ಚಾವಣಿಯ ತಗಡಿಗೇ ಅಂಟಿಸಿಬಿಡಿ" ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ಕರೆಂಟ್ ಹುಟ್ಟುವುದು ಬೆಳಕಿನಿಂದ, ಶಾಖದಿಂದಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಾಗಲೂ ಸಿಲಿಕಾನ್ ಪ್ಯಾನೆಲ್‌ನ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿತೆಂದರೆ 100 ವ್ಯಾಟ್‌ನಲ್ಲಿ 12ರಿಂದ 16 ವ್ಯಾಟ್ ಹೋದಂತೆಯೇ. ತಗಡಿಗೆ ಅಂಟಿಸಿದರೆ ಗಾಳಿಯಾಡದೆ ನಷ್ಟ ಇನ್ನೂ ಹೆಚ್ಚು. ದಯವಿಟ್ಟು ಬ್ರಾಕೆಟ್ ಹಾಕಿಸಿ, ಕೆಳಗೆ ಒಂದೆರಡು ಇಂಚು ಜಾಗ ಬಿಡಿ. ಲಗೇಜ್ ಕ್ಯಾರಿಯರ್ ನೆರಳೂ ಬೀಳದಿರಲಿ. ಓರೆಯಾಗಿ ನಿಲ್ಲಿಸುವ ಸ್ಟ್ಯಾಂಡಿಗೆ ಮಾತ್ರ ದುಡ್ಡು ಸುರಿಯಬೇಡಿ: ನಮ್ಮೂರು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿದ್ದು, ಮಧ್ಯಾಹ್ನದ ಸೂರ್ಯ ವರ್ಷದ ಬಹುಪಾಲು ನೆತ್ತಿಯ ಹತ್ತಿರವೇ ಇರುವುದರಿಂದ ಮಟ್ಟಸವಾಗಿ ಮಲಗಿಸಿದರೂ ವರ್ಷದ ನಷ್ಟ ಅಲ್ಪವೇ.